ಟ್ಯೂನ್ ಮಾಡಿದ ಕಾರಿಗೆ ಪ್ಲಗ್ ಹಾಕುವ ಮುನ್ನ ಗ್ಯಾಪ್ ಅಳೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ವಾಹನ ಪುಟದಲ್ಲಿ ಸ್ಪಾರ್ಕ್ ಪ್ಲಗ್ ಬದಲಿಸುವ ಬಗ್ಗೆ ಬಂದ ಬರಹ ಮಾಮೂಲಿ ಕಾರುಗಳ ಮಟ್ಟಿಗೆ ಸರಿಯಾಗಿಯೇ ಇತ್ತು. ಆದರೆ ಪ್ಲಗ್‌ನ ಗ್ಯಾಪ್ (ಕಿಡಿ ಹಾರುವ ಎರಡು ಮೊನೆಗಳ ನಡುವಿನ ಅಂತರ) ಕಾರ್ಖಾನೆಯಿಂದಲೇ ಹೊಂದಿಸಿ ಬಂದಿರುತ್ತದೆ, ಬೂಸ್ಟ್ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಏರಿಸಿದ ಟರ್ಬೊ ಕಾರಿಗೂ ಹಾಗೇ ಹಾಕಬಹುದು ಎಂಬರ್ಥದ ಸಾಲು ಅದರಲ್ಲಿತ್ತು. ಆ ಸಾಲನ್ನು ತಿದ್ದಲೇಬೇಕು. ಮಾರ್ಪಡಿಸಿದ ಕಾರುಗಳು ಹೊಸ ಪ್ಲಗ್ ಹಾಕಿದ ಮೇಲೂ ಮಿಸ್ಸಿಂಗ್ ಹೊಡೆಯುವುದಕ್ಕೆ, ಅಂದರೆ ಸಿಲಿಂಡರಿನಲ್ಲಿ ಮಿಶ್ರಣ ಹೊತ್ತಿಕೊಳ್ಳದೆ ಎಂಜಿನ್ ಮುಗ್ಗರಿಸುವುದಕ್ಕೆ, ಹೆಚ್ಚಿನ ಸಲ ಕಾರಣ ಆ ಗ್ಯಾಪ್.

ಕಿಡಿ ಹಾರಬೇಕಾದದ್ದು ಸಿಲಿಂಡರಿನೊಳಗೆ ಒತ್ತಿ ಹಿಡಿದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣದ ಮೂಲಕ. ಒತ್ತಡ ಹೆಚ್ಚಿದಷ್ಟೂ ಅದೇ ದೂರ ದಾಟಲು ಹೆಚ್ಚು ವೋಲ್ಟೇಜ್ ಬೇಕು. ಟರ್ಬೊ ಇಲ್ಲದ ಎಂಜಿನ್ನಿಗೆ 1.0 ಅಥವಾ 1.1 ಮಿ.ಮೀ. ಗ್ಯಾಪ್ ಚೆನ್ನಾಗಿ ಹೊಂದುತ್ತದೆ. ಬೂಸ್ಟ್ ಏರಿಸಿದ ಎಂಜಿನ್ನಿನಲ್ಲಿ ಅಷ್ಟು ದೂರ ಹಾರಿಸುವ ಶಕ್ತಿ, ಕಿಡಿಗೆ ವೋಲ್ಟೇಜ್ ಕೊಡುವ ಕಾಯಿಲ್‌ಗೆ ಸಾಲದೆ ಹೋಗುತ್ತದೆ. ಕಿಡಿ ಹುಟ್ಟುವುದೇ ಇಲ್ಲ, ಇಲ್ಲವೇ ಸುಲಭದ ದಾರಿ ಹುಡುಕಿ ಪ್ಲಗ್‌ನ ಹೊರಗಿನ ಪಿಂಗಾಣಿಯ ಮೇಲೆ ಜಾರಿ ಲೋಹಕ್ಕೆ ಇಳಿಯುತ್ತದೆ. ಐಡಲ್‌ನಲ್ಲಿ (ನಿಂತಲ್ಲೇ ಎಂಜಿನ್ ಓಡುವಾಗ) ಕಾರು ಮೆತ್ತಗಿರುತ್ತದೆ, ನಿಧಾನಕ್ಕೆ ಓಡಿಸಿದರೂ ದೂರಿಲ್ಲ. ಎತ್ತರದ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಟಾರ್ಕ್ ಉತ್ತುಂಗಕ್ಕೆ ಬರುವ ಆರ್‌ಪಿಎಂನಲ್ಲಿ ಮಾತ್ರ ಮುಗ್ಗರಿಸುತ್ತದೆ. ಸಿಲಿಂಡರಿನೊಳಗಿನ ಒತ್ತಡ ಅತಿ ಹೆಚ್ಚಿರುವುದು ಅಲ್ಲೇ.

ಇಂಥ ಕಾರಿಗೆ 0.7 ಮಿ.ಮೀ. ಒಳ್ಳೆಯ ಆರಂಭ. ಬೂಸ್ಟ್ ಇನ್ನೂ ಹೆಚ್ಚಿದ್ದರೆ 0.6, ಕೆಲವೊಮ್ಮೆ ಅದಕ್ಕೂ ಕಡಿಮೆ. ಇಳಿಸುವಾಗ ಒಂದು ಸಲಕ್ಕೆ 0.1 ಮಿ.ಮೀ.ಗಿಂತ ಹೆಚ್ಚು ಇಳಿಸಬೇಡಿ. ಅಗತ್ಯಕ್ಕಿಂತ ಕಿರಿದಾದರೆ ಕಿಡಿಯೂ ಪುಟ್ಟದಾಗಿ, ಐಡಲ್‌ನಲ್ಲಿ ಎಂಜಿನ್ ನಡುಗಲು ಶುರುವಾಗುತ್ತದೆ. ಮಿಸ್ಸಿಂಗ್ ನಿಲ್ಲುವಷ್ಟು ಇಳಿಸಿ, ಅಲ್ಲಿಗೇ ಬಿಡಬೇಕು. ಅಳೆಯಲು ತಂತಿಯ ಗೇಜ್ ಬಳಸಿ. ಬಿಲ್ಲೆಯಾಕಾರದ ಗೇಜನ್ನು ಇರಿಡಿಯಂ ಪ್ಲಗ್‌ನೊಳಗೆ ತುರುಕಿ ಎಬ್ಬುವುದು ಬೇಡ. ನಡುವಿನ ಇರಿಡಿಯಂ ಮೊನೆ ಸೂಜಿಯಷ್ಟು ಸಣ್ಣದು, ಮುರಿಯುತ್ತದೆ, ಪಿಂಗಾಣಿಯೂ ಸೀಳುತ್ತದೆ. ಬಾಗಿಸಬೇಕಾದದ್ದು ಹೊರಗಿನ ಬಾಗಿದ ಕಡ್ಡಿಯನ್ನಷ್ಟೇ.

ಇಲ್ಲಿ ಟ್ಯೂನ್ ಮಾಡುವವರೂ ಎಡವುವ ಒಂದು ಜಾಗವಿದೆ. ಮಿಸ್‌ಫೈರ್, ಅಂದರೆ ಮಿಸ್ಸಿಂಗ್, ಆದಾಗ ಉರಿಯದ ಗಾಳಿ ಹಾಗೇ ಎಗ್ಸಾಸ್ಟ್‌ಗೆ ಹೋಗುತ್ತದೆ. ಆಕ್ಸಿಜನ್ ಸೆನ್ಸರ್ ಆಕ್ಸಿಜನ್ನನ್ನು ಕಾಣುತ್ತದೆಯೇ ಹೊರತು ಜೊತೆಗಿರುವ ಹಸಿ ಪೆಟ್ರೋಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಮಿಶ್ರಣ ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಆಗಿದೆ ಎಂದು ಸುಳ್ಳು ಹೇಳುತ್ತದೆ. ಅದನ್ನು ನಂಬಿ ಇಂಧನ ಹೆಚ್ಚಿಸಿದರೆ ಪ್ಲಗ್ ಮಸಿ ಹಿಡಿದು ಮಿಸ್ಸಿಂಗ್ ಇನ್ನೂ ಜಾಸ್ತಿಯಾಗುತ್ತದೆ. ಓಡುವಾಗ ದಾಖಲಿಸಿದ ಲಾಗ್‌ನಲ್ಲಿ ಎಎಫ್‌ಆರ್ (ಗಾಳಿ ಮತ್ತು ಇಂಧನದ ಅನುಪಾತ) ಇದ್ದಕ್ಕಿದ್ದಂತೆ ಲೀನ್ ಕಡೆ ಜಿಗಿದು ಮರುಕ್ಷಣ ಮರಳಿದರೆ ಮೊದಲು ಕಿಡಿಯನ್ನು ಅನುಮಾನಿಸಿ. ಆರ್‌ಪಿಎಂ ಏರಿದಂತೆ ಮೆಲ್ಲಗೆ ಲೀನ್ ಆಗುತ್ತ ಹೋದರೆ ಆಗ ಫ್ಯೂಯಲ್ ಪಂಪ್, ಫಿಲ್ಟರ್, ಇಂಜೆಕ್ಟರ್ ನೋಡುವ ಸರದಿ.

ಶಾಖ ಶ್ರೇಣಿಯ ವಿಷಯದಲ್ಲಿ ನಿಮ್ಮ ಬರಹ ‘ಕೋಲ್ಡ್ ಪ್ಲಗ್ ಹಾಕಿ’ ಎಂದಷ್ಟೇ ಹೇಳಿತ್ತು. ಮೊನೆಯ ಶಾಖವನ್ನು ಬೇಗ ಎಂಜಿನ್ ಹೆಡ್‌ಗೆ ದಾಟಿಸುವ ಪ್ಲಗ್ಗೇ ಕೋಲ್ಡ್ ಪ್ಲಗ್. ಎಷ್ಟು ಕೋಲ್ಡ್ ಎಂಬುದು ಮುಖ್ಯ. 75ರಿಂದ 100 ಅಶ್ವಶಕ್ತಿ ಹೆಚ್ಚಿಸಿದರೆ ಒಂದು ಮೆಟ್ಟಿಲು ಎಂಬುದು ಸ್ಥೂಲ ಲೆಕ್ಕ. ಪ್ಲಗ್‌ನ ಮೊನೆ ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಸಿ ತಾನಾಗಿ ಸುಡುತ್ತದೆ. 800 ದಾಟಿದರೆ ಕಿಡಿ ಬರುವ ಮುಂಚೆಯೇ ಮೊನೆಯ ಕಾವಿಗೆ ಮಿಶ್ರಣ ಹೊತ್ತಿಕೊಳ್ಳುವ ಅಪಾಯ. ಅತಿ ಕೋಲ್ಡ್ ಪ್ಲಗ್ ಹಾಕಿ ಊರೊಳಗೆ ಓಡಾಡಿದರೆ ಮಸಿ ಹಿಡಿಯುವುದು ಖಂಡಿತ. ಸಂಖ್ಯೆಗಳಲ್ಲೂ ಗೊಂದಲವಿದೆ: ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಕೋಲ್ಡ್, ಬಾಷ್ ಮತ್ತು ಚಾಂಪಿಯನ್‌ನಲ್ಲಿ ತಿರುಗಾಮುರುಗಾ. ಎನ್‌ಜಿಕೆಯ 7 ಡೆನ್ಸೊದ 22ಕ್ಕೆ ಸಮ. ಎನ್‌ಜಿಕೆ ಹೆಸರಿನ ಕೊನೆಯಲ್ಲಿ 11 ಎಂದಿದ್ದರೆ ಅದು 1.1 ಮಿ.ಮೀ. ಗ್ಯಾಪ್‌ನ ಗುರುತು. ಬೂಸ್ಟ್ ಏರಿಸಿದ ಕಾರಿಗೆ ಅದನ್ನು ಡಬ್ಬಿಯಿಂದ ತೆಗೆದು ಹಾಗೇ ಹಾಕಿದರೆ ಮೇಲೆ ಹೇಳಿದ ಕಥೆಯೇ.

ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಕಾಲು ತೆಗೆಯಿರಿ. ಹಸಿ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನು ಕರಗಿಸುವಷ್ಟು ಮಿಸ್‌ಫೈರ್ ಆಗುತ್ತಿದೆ ಎಂಬ ಎಚ್ಚರಿಕೆ ಅದು. ಸ್ಕ್ಯಾನರಿನಲ್ಲಿ ಪಿ0301 ಎಂಬ ದೋಷದ ಕೋಡ್ ಬಂದರೆ ಒಂದನೇ ಸಿಲಿಂಡರ್, ಪಿ0302 ಬಂದರೆ ಎರಡನೆಯದು. ಪಿ0300 ಎಂದರೆ ನಿರ್ದಿಷ್ಟವಾಗಿ ಇಂಥದ್ದು ಎಂದಿಲ್ಲ. ಒಂದೇ ಸಿಲಿಂಡರ್ ತೋರಿಸಿದರೆ ಏನನ್ನೂ ಕೊಳ್ಳುವ ಮೊದಲು ಅದಲುಬದಲು ಮಾಡಿ. ಎರಡರ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿ, ಕೋಡ್ ಅಳಿಸಿ, ಅದೇ ಗೇರ್, ಅದೇ ಆರ್‌ಪಿಎಂನಲ್ಲಿ ಮತ್ತೆ ಓಡಿಸಿ. ಕೋಡ್ ಕಾಯಿಲ್ ಜೊತೆ ಹೋದರೆ ಕಾಯಿಲ್ ಕೆಟ್ಟಿದೆ. ಹೋಗದಿದ್ದರೆ ಪ್ಲಗ್, ಆಮೇಲೆ ಇಂಜೆಕ್ಟರ್. ಒಂದು ಸಲಕ್ಕೆ ಒಂದೇ ಭಾಗ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಕಾರು ಸರಿಹೋದರೂ ಕಾರಣ ತಿಳಿಯುವುದಿಲ್ಲ.

ಯಾವುದರ ಜೊತೆಗೂ ಕೋಡ್ ಹೋಗದಿದ್ದರೆ ಮೊದಲು ಆ ಸಿಲಿಂಡರಿನ ಕಾಯಿಲ್ ಮತ್ತು ಇಂಜೆಕ್ಟರಿನ ವೈರಿಂಗ್, ಕನೆಕ್ಟರ್ ನೋಡಿ. ಅಲ್ಲೂ ತೊಂದರೆ ಇಲ್ಲವೆಂದರೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್. ಪ್ಲಗ್‌ಗಳನ್ನೆಲ್ಲ ತೆಗೆದು, ಇಂಧನ ಮತ್ತು ಇಗ್ನಿಷನ್ ಕಡಿತಗೊಳಿಸಿ, ಥ್ರಾಟಲ್ ಪೂರ್ತಿ ತೆರೆದು ನಾಲ್ಕೈದು ಬಾರಿ ಕ್ರ್ಯಾಂಕ್ ಮಾಡಬೇಕು. ಸಿಲಿಂಡರ್‌ಗಳ ನಡುವೆ ಶೇಕಡಾ 15ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಸಿಲಿಂಡರಿಗೆ ಗಾಳಿ ತುಂಬಿ ನೋಡುವ ಲೀಕ್‌ಡೌನ್ ಟೆಸ್ಟ್ ಮಾಡಿ ಆ ಗಾಳಿ ಎಲ್ಲಿ ಸೋರುತ್ತದೆಂದು ಕಿವಿಗೊಡಿ. ಇನ್‌ಟೇಕ್ ಅಥವಾ ಎಗ್ಸಾಸ್ಟ್‌ನಲ್ಲಿ ಕೇಳಿಸಿದರೆ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಕೇಳಿಸಿದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್.

ಮಾರ್ಪಾಡುಗಳೇ ತಂದಿಡುವ ತೊಂದರೆಗಳು ಬೇರೆ. ದೊಡ್ಡ ಇಂಜೆಕ್ಟರ್ ಹಾಕಿ ಅದರ ಡೆಡ್ ಟೈಮ್ (ವಿದ್ಯುತ್ ಬಂದ ಮೇಲೆ ಇಂಜೆಕ್ಟರ್ ತೆರೆಯಲು ಹಿಡಿಯುವ ಸಮಯ) ಅಂಕಿಗಳನ್ನು ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಸರಿಯಾಗಿ ಕೊಡದಿದ್ದರೆ ಐಡಲ್‌ನಲ್ಲೇ ಮಿಸ್ಸಿಂಗ್ ಬರುತ್ತದೆ. ಒಳಬರುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರ್ ಇರುವ ಕಾರಿನಲ್ಲಿ, ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪ್ ಸೋರಿದರೆ, ಅಳೆದ ಗಾಳಿಯೆಲ್ಲ ಸಿಲಿಂಡರ್ ಸೇರದೆ ಬೂಸ್ಟ್‌ನಲ್ಲಿ ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು) ಆಗುತ್ತದೆ. ಬೇರೆ ಕಾರಿನ ಜೋರು ಕಾಯಿಲ್ ಹಾಕಿದವರು ಡ್ವೆಲ್ (ಕಾಯಿಲ್‌ಗೆ ವಿದ್ಯುತ್ ತುಂಬುವ ಸಮಯ) ಬದಲಿಸದಿದ್ದರೆ ಕಿಡಿ ಸೊರಗಬಹುದು, ಕಾಯಿಲ್ ಸುಡಲೂಬಹುದು. ರೇಸ್ ಕ್ಯಾಮ್ ಅಥವಾ ಹಗುರ ಫ್ಲೈವ್ಹೀಲ್ ಹಾಕಿದ ಕಾರಿನಲ್ಲಿ ಮಿಸ್‌ಫೈರ್ ಇಲ್ಲದೆಯೂ ಕೋಡ್ ಬರುವುದುಂಟು. ಇಸಿಯು ಮಿಸ್‌ಫೈರನ್ನು ಸಾಮಾನ್ಯವಾಗಿ ಗುರುತಿಸುವುದು ಕ್ರ್ಯಾಂಕ್‌ನ ವೇಗದ ಏರಿಳಿತದಿಂದ, ಈ ಭಾಗಗಳು ಆ ಏರಿಳಿತವನ್ನೇ ಹೆಚ್ಚಿಸುತ್ತವೆ.

ಇನ್ನು ಬಿಚ್ಚಿ ಹಾಕುವ ಕೆಲಸ. ಎಂಜಿನ್ ಪೂರ್ತಿ ತಣ್ಣಗಿರಲಿ. ಬಿಸಿಯಿದ್ದಾಗ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಪ್ಲಗ್ ಜೊತೆಗೇ ಕಿತ್ತು ಬರಬಹುದು. ಕಾಯಿಲ್ ತೆಗೆದ ಕೂಡಲೇ ಪ್ಲಗ್ ಗುಂಡಿಗೆ ಗಾಳಿ ಹೊಡೆದು ಮಣ್ಣು ತೆಗೆಯಿರಿ, ಇಲ್ಲದಿದ್ದರೆ ಅದೆಲ್ಲ ಸಿಲಿಂಡರಿಗೆ ಬೀಳುತ್ತದೆ. ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ವಾಲ್ವ್ ಕವರ್‌ನ ಸೀಲ್ ಹೋಗಿದೆ; ಅದನ್ನು ಬದಲಿಸದೆ ಹೊಸ ಕಾಯಿಲ್ ಹಾಕಿದರೆ ಅದರ ರಬ್ಬರ್ ಬೂಟೂ ಕೆಡುತ್ತದೆ. ಹೊಸ ಪ್ಲಗ್ ಕೈಯಿಂದ ಜಾರಿ ನೆಲಕ್ಕೆ ಬಿತ್ತೋ, ಅದನ್ನು ಹಾಕಬೇಡಿ. ಪಿಂಗಾಣಿಯ ಸೀಳು ಕಣ್ಣಿಗೆ ಕಾಣುವುದಿಲ್ಲ.

ಥ್ರೆಡ್ ಹಿಡಿಸುವಾಗ ರಾಟ್ಚೆಟ್ ಬೇಡ. ಪ್ಲಗ್‌ನ ತಲೆಗೆ ರಬ್ಬರ್ ಕೊಳವೆ ಸಿಕ್ಕಿಸಿ ತಿರುಗಿಸಿದರೆ, ಥ್ರೆಡ್ ಅಡ್ಡ ಹಿಡಿದಾಗ ಕೊಳವೆ ಜಾರುತ್ತದೆ, ಹೆಡ್ ಉಳಿಯುತ್ತದೆ. ಕೊನೆಯ ಬಿಗಿತಕ್ಕೆ ಟಾರ್ಕ್ ರೆಂಚ್. ವಾಷರ್ ಇರುವ 14 ಮಿ.ಮೀ. ಪ್ಲಗ್‌ಗೆ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ.ಗೆ 15ರಿಂದ 20, 10 ಮಿ.ಮೀ.ಗೆ 10ರಿಂದ 12. ಕಾರಿನ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಬಿಗಿತ ಕಡಿಮೆಯಾದರೂ ಅಪಾಯವೇ: ಪ್ಲಗ್‌ನ ಶಾಖ ಹೆಡ್‌ಗೆ ಇಳಿಯುವುದು ಥ್ರೆಡ್ ಮತ್ತು ವಾಷರ್ ಮೂಲಕ, ಸಡಿಲವಿದ್ದರೆ ಮೊನೆ ಕಾಯುತ್ತಲೇ ಹೋಗುತ್ತದೆ. ಲೇಪನವಿರುವ ಪ್ಲಗ್‌ಗಳಿಗೆ ಆ್ಯಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಹಚ್ಚುವ ಅಗತ್ಯವಿಲ್ಲ. ಹಚ್ಚಿದರೆ ಥ್ರೆಡ್ ನುಣುಪಾಗಿ, ರೆಂಚ್ ತೋರಿಸುವುದು 25 ಆದರೂ ಪ್ಲಗ್ ಅದಕ್ಕಿಂತ ಹೆಚ್ಚು ಬಿಗಿಯಾಗಿರುತ್ತದೆ.

ತೆಗೆದ ಹಳೆಯ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲೇ ಜೋಡಿಸಿಡಿ. ಒಣ ಕಪ್ಪು ಮಸಿ ಇದ್ದರೆ ಮಿಶ್ರಣ ರಿಚ್ ಅಥವಾ ಪ್ಲಗ್ ಅತಿ ಕೋಲ್ಡ್. ಜಿಡ್ಡಿನ ಕಪ್ಪು ಇದ್ದರೆ ಆಯಿಲ್ ಒಳಬರುತ್ತಿದೆ. ಪಿಂಗಾಣಿ ಸುಣ್ಣದ ಹಾಗೆ ಬೆಳ್ಳಗಾಗಿ ಬೊಬ್ಬೆ ಎದ್ದಿದ್ದರೆ ಅತಿಯಾದ ಶಾಖ. ಪಿಂಗಾಣಿಯ ಮೇಲೆ ಮಿರುಗುವ ಸಣ್ಣ ಚುಕ್ಕೆಗಳಿದ್ದರೆ ಅದು ನಾಕಿಂಗ್‌ಗೆ (ಮಿಶ್ರಣ ಸಮವಾಗಿ ಉರಿಯದೆ ಸಿಡಿಯುವುದಕ್ಕೆ) ಸಿಕ್ಕ ಪಿಸ್ಟನ್‌ನಿಂದ ಎದ್ದು ಬಂದ ಅಲ್ಯೂಮಿನಿಯಂ. ಅಂಥ ಪ್ಲಗ್ ಕಂಡವರು ದಯವಿಟ್ಟು ಹೊಸದು ಹಾಕಿ ಓಡಿಸಬೇಡಿ. ಇಗ್ನಿಷನ್ ಟೈಮಿಂಗ್, ಇಂಧನದ ಆಕ್ಟೇನ್ ಮತ್ತು ಆ ಸಿಲಿಂಡರಿನ ಕಂಪ್ರೆಷನ್ ನೋಡುವವರೆಗೆ ಕಾರು ನಿಂತಲ್ಲೇ ಇರಲಿ.

ಇತಿ,
ನಿಮ್ಮ ಓದುಗ