ಮದ್ದೂರಿನಲ್ಲಿ ಇಳಿದುಹೋದ ಅಮ್ಮನಿಗೆ

ಮೈಸೂರು ರೈಲಿನಲ್ಲಿ ನಮ್ಮ ಎದುರು ಕೂತಿದ್ದ ಹಿರಿಯ ಅಮ್ಮ, ನಿಮ್ಮ ಹೆಸರು ಕೇಳಲು ಮರೆತೆವು. ಆದರೆ ನಿಮಗೆ ಧನ್ಯವಾದ ಹೇಳಲೇಬೇಕು.

ನನ್ನ ಮಗಳಿಗೆ ಒಂಬತ್ತನೇ ಕ್ಲಾಸು. 2ಎಕ್ಸ್ + ವೈ = 6 ಸಮೀಕರಣಕ್ಕೆ ನಕ್ಷೆ ಬರೆಯಲು ಹೋಗಿ ಅಳುವ ಹಾಗಾಗಿದ್ದಳು. ಎಕ್ಸ್‌ಗೆ 0 ಹಾಕಿದರೆ ವೈ 6, ಅದು ಸರಿಯಾಗೇ ಬಂದಿತ್ತು. ಗುರುತು ಹಾಕುವಾಗ ಮಾತ್ರ (0, 6) ಬದಲು (6, 0) ಹಾಕಿದ್ದಳು. ಇನ್ನೊಂದು ಬಿಂದು (3, 0). ಗೆರೆ ಎಕ್ಸ್ ಅಕ್ಷದ ಮೇಲೇ ಮಲಗಿಬಿಟ್ಟಿತ್ತು!

ನೀವು ತಪ್ಪು ಅಂತ ಹೇಳಲೇ ಇಲ್ಲ. "ಎಕ್ಸ್‌ಗೆ 1 ಹಾಕಿ ನೋಡು ಪುಟ್ಟಿ" ಎಂದಿರಿ. ವೈ 4 ಬಂತು. (1, 4) ಗೆರೆಯಿಂದ ದೂರ, ಒಂಟಿಯಾಗಿ ನಿಂತಿತು. ಅವಳು ಸುಮ್ನೆ ಅದನ್ನೇ ನೋಡುತ್ತಾ ಕೂತಳು. "ಮೊದಲು ಅಡ್ಡ ನಡಿ, ಆಮೇಲೆ ಮೇಲೆ ಹತ್ತು. ಕ್ರಮಯುಗ್ಮ ಅಂದ್ರೆ ಅದೇ ಅಲ್ವಾ?" ಎಂದಿರಿ. ಅಷ್ಟೇ ಸಾಕಾಯಿತು. ಅಳಿಸಿದಳು, ಮತ್ತೆ ಗುರುತಿಸಿದಳು. ರೈಲು ಕುಲುಕುತ್ತಿದ್ದರೂ ಮೂರು ಬಿಂದುಗಳೂ ಒಂದೇ ಗೆರೆಗೆ ಬಂದವು. ಆಗ ಅವಳ ಮುಖ ನೋಡಬೇಕಿತ್ತು!

ಗೆರೆ ಎಳೆಯಲು ಎರಡು ಬಿಂದು ಸಾಕು, ಮೂರನೆಯದು ತಪ್ಪು ಹಿಡಿಯಲು ಎಂದು ಹೇಳಿ ನೀವು ಮದ್ದೂರಿನಲ್ಲಿ ಇಳಿದಿರಿ. ಅವಳು ಈಗ ಆ ಮೂರನೇ ಬಿಂದುವನ್ನು ಒಮ್ಮೆಯೂ ಬಿಡುವುದಿಲ್ಲ. ಅದಕ್ಕೆ "ರೈಲಜ್ಜಿ ಬಿಂದು" ಅಂತ ಹೆಸರಿಟ್ಟಿದ್ದಾಳೆ.