ಬಾಲಮಂದಿರಕ್ಕಿಂತ ಮೊದಲು ಮನೆಯ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಬಜೆಟ್ ತಯಾರಿ ಶುರುವಾಯಿತೆಂದರೆ ಮಕ್ಕಳ ಹೆಸರಿನಲ್ಲಿ ಕಟ್ಟಡಗಳ ಬೇಡಿಕೆ ಸಾಲುಗಟ್ಟುತ್ತದೆ. ಅಲ್ಲೊಂದು ಬಾಲಮಂದಿರ (ಆಸರೆಯಿಲ್ಲದ ಮಕ್ಕಳನ್ನು ಇರಿಸಿ ಸಾಕುವ ಸಂಸ್ಥೆ), ಇಲ್ಲೊಂದು ಹಾಸ್ಟೆಲ್. ಬೇಕಾದ ಕಡೆ ಕಟ್ಟಲಿ, ನನ್ನ ತಕರಾರಿಲ್ಲ. ಆದರೆ ಮಗು ತನ್ನ ಮನೆಯಲ್ಲೇ ಬೆಳೆಯಲಿ ಎಂದು ಕೊಡುವ ದುಡ್ಡು ಒಂದಿದೆ. ಅದು ಯಾಕೆ ಬೇಕಾದವರ ಕೈ ಸೇರುತ್ತಿಲ್ಲ ಅಂತ ಕೇಳುವವರು ಕಡಿಮೆ.

ಕೇಂದ್ರದ ಮಕ್ಕಳ ರಕ್ಷಣಾ ಕಾರ್ಯಕ್ರಮವಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯ ಮಾತು ಹೇಳುತ್ತಿದ್ದೇನೆ. ತಂದೆ ತೀರಿಕೊಂಡ ಅಥವಾ ಬಿಟ್ಟುಹೋದ ಮಕ್ಕಳು, ಅಜ್ಜಿ ಚಿಕ್ಕಪ್ಪನ ಆಸರೆಯಲ್ಲಿರುವ ಅನಾಥ ಮಕ್ಕಳು, ಹೆತ್ತವರು ದೊಡ್ಡ ಕಾಯಿಲೆಗೆ ಬಿದ್ದ ಮನೆಯ ಮಕ್ಕಳು, ಇವರಿಗೆ ತಿಂಗಳಿಗೆ 4,000 ರೂಪಾಯಿ. ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಒಳ್ಳೆಯ ಯೋಜನೆಯೇ.

ತೊಡಕು ಇರುವುದು ಆದಾಯದ ಮಿತಿಯಲ್ಲಿ. 2022ರ ಮಾರ್ಗಸೂಚಿಯ ಪ್ರಕಾರ ಹಳ್ಳಿಯ ಕುಟುಂಬದ ವರ್ಷದ ಆದಾಯ 72,000 ರೂಪಾಯಿ ದಾಟಬಾರದು, ಉಳಿದ ಕಡೆ 96,000. ಸ್ವಲ್ಪ ಲೆಕ್ಕ ಹಾಕಿ ನೋಡಿ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಗಂಡ ಸತ್ತ ಹೆಣ್ಣುಮಗಳೊಬ್ಬಳು ಅದೇ ದರದಲ್ಲಿ ಹೊಲಕ್ಕೋ ಗಾರೆ ಕೆಲಸಕ್ಕೋ ವಾರದಲ್ಲಿ ನಾಲ್ಕೇ ದಿನ ಹೋದರೂ ವರ್ಷಕ್ಕೆ ಹೆಚ್ಚುಕಡಿಮೆ 77,000 ಆಗುತ್ತದೆ. ಮಿತಿ ದಾಟಿತು! ಇನ್ನು ಆಕೆ ಕಡಿಮೆ ಆದಾಯ ಬರೆಸಬೇಕು, ಇಲ್ಲವೇ ಸುಮ್ನೆ ಮನೆಗೆ ಹೋಗಬೇಕು. ಮೈಮುರಿದು ದುಡಿದದ್ದೇ ತಪ್ಪಾಯಿತು ಅಲ್ವಾ?

ಇದೇ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ 1.20 ಲಕ್ಷದವರೆಗೆ ಅವಕಾಶವಿದೆ. ಅಕ್ಕಿ ತೆಗೆದುಕೊಳ್ಳುವಾಗ ಬಡವಳಾದ ತಾಯಿ, ಮಗುವಿನ ಅರ್ಜಿ ಹಿಡಿದು ನಿಂತಾಗ ಅನುಕೂಲಸ್ಥಳು ಹೇಗಾಗುತ್ತಾಳೆ? ಮಾರ್ಗಸೂಚಿ ಕೇಂದ್ರದ್ದು, ನಮ್ಮ ಕೈಯಲ್ಲಿಲ್ಲ ಎನ್ನಬಹುದು. ಒಪ್ಪಿದೆ. ಆದರೆ 72,000ದಿಂದ 1.20 ಲಕ್ಷದ ನಡುವಿನ ಇಂಥ ಮನೆಗಳಿಗೆ ರಾಜ್ಯ ತನ್ನ ಬೊಕ್ಕಸದಿಂದಲೇ ಕೊಡಲು ಯಾರ ಅಡ್ಡಿಯೂ ಇಲ್ಲ. ಕೋವಿಡ್‌ನಲ್ಲಿ ತಂದೆತಾಯಿ ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ಬಾಲಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ಘೋಷಿಸಿದ್ದು ಇದೇ ರಾಜ್ಯ. ಕೋವಿಡ್ ಬದಲು ಹೃದಯಾಘಾತದಿಂದಲೋ ರಸ್ತೆ ಅಪಘಾತದಿಂದಲೋ ಸತ್ತವರ ಮಕ್ಕಳ ಹಸಿವೇನು ಬೇರೆಯೇ?

ಅಂಗನವಾಡಿ ಮೇಲ್ವಿಚಾರಕಿಯಾಗಿದ್ದಾಗ ನಾನು ಕಂಡಂತೆ, ಮಕ್ಕಳನ್ನು ದೂರದ ಹಾಸ್ಟೆಲಿಗೆ ಬಿಡುವ ತಾಯಂದಿರು ಓದಿನ ಮಾತಿಗಿಂತ ಮೊದಲು ಹೇಳುತ್ತಿದ್ದದ್ದು, ‘ಮೂರು ಹೊತ್ತು ಊಟ ಆದ್ರೂ ಸಿಗುತ್ತಲ್ಲ ಮೇಡಂ’ ಅಂತ. 2015ರ ಬಾಲನ್ಯಾಯ ಕಾಯ್ದೆ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಬೇಕು ಎನ್ನುತ್ತದೆ. ನಮ್ಮಲ್ಲಿ ಬಡತನ ಅದನ್ನೇ ಮೊದಲ ದಾರಿ ಮಾಡಿಬಿಡುತ್ತದೆ.

ಇನ್ನು ಅರ್ಜಿಯ ಓಡಾಟ. ಪ್ರಾಯೋಜಕತ್ವದ ಅರ್ಜಿ ನೋಡುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇರುವುದು ಜಿಲ್ಲಾ ಕೇಂದ್ರದಲ್ಲಿ. ಮೂಲೆಯ ಹಳ್ಳಿಯವರು ಒಂದು ಸಲ ಹೋಗಿಬರಲು ಒಂದು ದಿನದ ಕೂಲಿ ಕಳೆದುಕೊಳ್ಳಬೇಕು, ಬಸ್ ಚಾರ್ಜು ಬೇರೆ. (ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಚಾರ್ಜಿಲ್ಲ, ನಿಜ. ಜೊತೆಗೆ ಬರುವ ಅಜ್ಜನಿಗೆ ಇದೆ.) ಅದೇ ತಾಯಿ ವಿಧವಾ ವೇತನಕ್ಕೆ ಅರ್ಜಿ ಹಾಕಲು ನಾಡಕಚೇರಿಗೆ ಹೇಗೂ ಬಂದೇ ಬರುತ್ತಾಳೆ. ಅವತ್ತೇ ‘ಮನೆಯಲ್ಲಿ 18 ವರ್ಷದೊಳಗಿನ ಮಕ್ಕಳಿದ್ದಾರಾ?’ ಎಂದು ಕೇಳಿ, ಪ್ರಾಯೋಜಕತ್ವದ ಅರ್ಜಿಯನ್ನೂ ಅಲ್ಲೇ ತೆಗೆದುಕೊಂಡರೆ ಆಗದೇ? ಮರಣ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡು ಎಲ್ಲ ಆಕೆಯ ಕೈಚೀಲದಲ್ಲೇ ಇರುತ್ತವೆ. ಯಾವ ಮನೆಯಲ್ಲಿ ಯಾವ ಮಗು ಒಂಟಿಯಾಗಿದೆ ಎಂಬುದು ಅಂಗನವಾಡಿ ಕಾರ್ಯಕರ್ತೆಗೂ ಗೊತ್ತು, ಪಂಚಾಯಿತಿಯವರಿಗೂ ಗೊತ್ತು. ಗೊತ್ತಾಗದೆ ಉಳಿಯುವುದು ಯೋಜನೆ ಬರೆಯುವ ಮೇಜಿಗೆ.

ಇಲಾಖೆಗಳ ನಡುವಿನ ಗೋಡೆಯೂ ಇದಕ್ಕೆ ಕಾರಣ. ನರೇಗಾ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ತೆರೆದ ‘ಕೂಸಿನ ಮನೆ’ ಗ್ರಾಮೀಣಾಭಿವೃದ್ಧಿ ಇಲಾಖೆಯದು. ಪ್ರಾಯೋಜಕತ್ವ ಮಹಿಳಾ ಮತ್ತು ಮಕ್ಕಳ ಇಲಾಖೆಯದು. ವಿಧವಾ ವೇತನ ಕಂದಾಯದವರದು. ಮನೆ ಮಾತ್ರ ಒಂದೇ.

2020-21ರಿಂದ ಸರ್ಕಾರ ಮಕ್ಕಳ ಬಜೆಟ್ ಎಂದು ಬೇರೆಯೇ ಪುಸ್ತಕ ತರುತ್ತಿದೆ. ಅದರಲ್ಲಿ ಹೆಚ್ಚಿನ ಪಾಲು ಶಾಲೆ ಮತ್ತು ಆಹಾರದ್ದು, ಇರಲಿ. ಮುಂದಿನ ಸಲ ಅದೇ ಪುಸ್ತಕದಲ್ಲಿ ಒಂದು ಪುಟ ಹೆಚ್ಚಿಗೆ ಹಾಕಲಿ: ಯಾವ ತಾಲ್ಲೂಕಿನಲ್ಲಿ ಪ್ರಾಯೋಜಕತ್ವಕ್ಕೆ ಎಷ್ಟು ಅರ್ಜಿ ಬಂತು, ಎಷ್ಟು ಮಂಜೂರಾಯಿತು, ಎಷ್ಟನ್ನು ಆದಾಯ ಜಾಸ್ತಿ ಎಂದು ತಿರಸ್ಕರಿಸಿದರು, ಮಂಜೂರಾದ ಮೇಲೆ ಮೊದಲ ಕಂತು ಖಾತೆಗೆ ಬೀಳಲು ಎಷ್ಟು ತಿಂಗಳು ಹಿಡಿಯಿತು. ಹೊಸ ಬಾಲಮಂದಿರ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ಆ ಪುಟ ನೋಡಿದ ಮೇಲೆ ತೀರ್ಮಾನಿಸಲಿ.

— ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ