ವೆಲ್ಡಿಂಗ್ ಕಂಟ್ರೋಲರ್‌ನ ಔಟ್‌ಪುಟ್‌ಗಳನ್ನೂ ನೋಡಿ

ಮಾನ್ಯ ಸಂಪಾದಕರೇ,

ಕಾರ್ಖಾನೆ ಆಟೊಮೇಷನ್ ಅಂದರೆ ಎಲ್ಲರೂ ರೋಬೋಟ್ ಬಗ್ಗೆಯೇ ಬರೆಯುತ್ತಾರೆ. ವೆಲ್ಡಿಂಗ್‌ನ ಕರೆಂಟ್, ಟೈಮಿಂಗ್ ನೋಡಿಕೊಳ್ಳುವ ಪಕ್ಕದ ವೆಲ್ಡಿಂಗ್ ಕಂಟ್ರೋಲರ್ ಯಾರ ಕಣ್ಣಿಗೂ ಬೀಳುವುದಿಲ್ಲ. ವೆಲ್ಡ್ ಕೆಟ್ಟರೆ ಸುಮ್ನೆ ಕರೆಂಟ್ ಜಾಸ್ತಿ ಮಾಡುತ್ತಾರೆ. ಕಂಟ್ರೋಲರ್ ಹೊರಗೆ ಕೊಡುವ ಸಿಗ್ನಲ್‌ಗಳಲ್ಲಿ, ಅಂದರೆ ಔಟ್‌ಪುಟ್‌ಗಳಲ್ಲಿ, ಯಾವುದು ಯಾವಾಗ ಆನ್ ಆಗುತ್ತಿದೆ ಅಂತ ನೋಡುವವರು ಕಡಿಮೆ.

ಲೋಹದ ಹಾಳೆಗಳನ್ನು ಎಲೆಕ್ಟ್ರೋಡ್‌ಗಳ ನಡುವೆ ಒತ್ತಿ, ಕರೆಂಟ್ ಹರಿಸಿ ಒಂದು ಚುಕ್ಕೆಯಲ್ಲಿ ಬೆಸೆಯುವ ಸ್ಪಾಟ್ ವೆಲ್ಡಿಂಗನ್ನೇ ತಗೊಳ್ಳಿ. ಮೊದಲು ಎಲೆಕ್ಟ್ರೋಡ್ ಒತ್ತಬೇಕು, ಆಮೇಲೆ ಕರೆಂಟ್ ಹರಿಯಬೇಕು, ಕರೆಂಟ್ ನಿಂತ ಮೇಲೂ ಕರಗಿದ ಲೋಹ ಗಟ್ಟಿಯಾಗುವ ತನಕ ಒತ್ತಡ ಹಾಗೇ ಇರಬೇಕು. ಇದೇ ಹೋಲ್ಡ್ ಟೈಮ್. 'ವೆಲ್ಡ್ ಮುಗಿಯಿತು' ಅನ್ನುವ ಔಟ್‌ಪುಟ್ ಇದಾದ ಮೇಲೆಯೇ ಬರಬೇಕು. 50 ಹರ್ಟ್ಸ್ ಕರೆಂಟ್ ಲೈನಿನಲ್ಲಿ 10 ಸೈಕಲ್ ಹೋಲ್ಡ್ ಅಂದರೆ 200 ಮಿಲಿಸೆಕೆಂಡ್ ಅಷ್ಟೇ, ಅದನ್ನು ಉಳಿಸಲು ಹೋಗಿ ಸಿಗ್ನಲ್ಲನ್ನು ಮುಂಚೆಯೇ ಕೊಟ್ಟರೆ ಜಾಯಿಂಟ್ ಗಟ್ಟಿಯಾಗುವ ಮೊದಲೇ ರೋಬೋಟ್ ವೆಲ್ಡಿಂಗ್ ಗನ್ ಎಳೆಯಲು ಶುರು ಮಾಡುತ್ತದೆ. ಇನ್ನು ಸಿಗ್ನಲ್ ಪಲ್ಸ್, ಪಿಎಲ್‌ಸಿ (ಲೈನ್ ನಡೆಸುವ ಕಂಟ್ರೋಲ್ ಕಂಪ್ಯೂಟರ್) ತನ್ನ ಪ್ರೋಗ್ರಾಂ ಒಂದು ಸುತ್ತು ಓಡಿಸುವ ಸ್ಕ್ಯಾನ್ ಟೈಮ್‌ಗಿಂತ ಚಿಕ್ಕದಾದರೆ ಒಮ್ಮೊಮ್ಮೆ ಕಾಣುತ್ತದೆ, ಒಮ್ಮೊಮ್ಮೆ ಇಲ್ಲ. ಇಂಥ ತೊಂದರೆ ಹುಡುಕುವಷ್ಟರಲ್ಲಿ ಸಾಕಾಗಿ ಹೋಗುತ್ತದೆ.

ಕಂಟ್ರೋಲರ್‌ನಲ್ಲಿ ತೊಂದರೆ ಆದರೆ ತಿಳಿಸುವ ಫಾಲ್ಟ್ ಔಟ್‌ಪುಟ್ ವಿಷಯದಲ್ಲಿ ನನ್ನದು ಒಂದೇ ಹಟ. ಎಲ್ಲ ಸರಿ ಇದ್ದಾಗ ಅದು ಆನ್ ಇರಬೇಕು, ಫಾಲ್ಟ್ ಬಂದರೆ ಆಫ್ ಆಗಬೇಕು. ಆಗ ವೈರ್ ಕಿತ್ತುಹೋದರೂ ಲೈನ್ ನಿಲ್ಲುತ್ತದೆ, ಅಲ್ವಾ? ಉಲ್ಟಾ ಪ್ರೋಗ್ರಾಂ ಮಾಡಿದರೆ ತುಂಡಾದ ವೈರ್ ಕೂಡ 'ಎಲ್ಲ ಸರಿ' ಅನ್ನುತ್ತದೆ. ಎಮರ್ಜೆನ್ಸಿ ಸ್ಟಾಪನ್ನಂತೂ ಈ ಮಾಮೂಲಿ ಔಟ್‌ಪುಟ್‌ಗಳ ಮೇಲೆ ಬಿಡಲೇಬೇಡಿ, ಅದಕ್ಕೆ ಬೇರೆ ಸೇಫ್ಟಿ ಸರ್ಕ್ಯೂಟೇ ಬೇಕು.

ತಂತ್ರಜ್ಞಾನ ಪುಟದಲ್ಲಿ ಇಂಥ ವಿಷಯಗಳಿಗೂ ಜಾಗ ಕೊಡಿ.

— ಒಬ್ಬ ಮೇಂಟೆನೆನ್ಸ್ ಎಲೆಕ್ಟ್ರಿಷಿಯನ್